ಗಾರ್ಡ್ ತೆರೆದಾಗ ಯಂತ್ರ ಯಾರ ಮಾತು ಕೇಳಬೇಕು? ಮ್ಯಾನುಯಲ್ ಮೋಡ್‌ಗೆ ಇಂಟರ್‌ಲಾಕ್ ಆರಿಸುವ ಬಗೆ

ಆಟೋ ಮೋಡ್‌ನಲ್ಲಿ, ಅಂದರೆ ಪ್ರೋಗ್ರಾಮಿನಂತೆ ತಾನಾಗಿ ಓಡುವಷ್ಟು ಹೊತ್ತು ಯಂತ್ರದ ಸುರಕ್ಷತೆಯ ಲೆಕ್ಕ ಸರಳ. ಗಾರ್ಡ್ ಎಂಬ ರಕ್ಷಣಾ ಬಾಗಿಲು ಮುಚ್ಚಿದ್ದರೆ ಓಡುತ್ತದೆ, ತೆರೆದರೆ ನಿಲ್ಲುತ್ತದೆ. ತೊಡಕು ಶುರುವಾಗುವುದು ಒಳಗೆ ಬಿಡಿಭಾಗ ಸಿಕ್ಕಿಕೊಂಡಾಗ, ಟೂಲ್ ಬದಲಿಸಿ ಸೆಟ್ ಮಾಡುವಾಗ, ಸೆನ್ಸರ್ ಒಂದೆರಡು ಮಿಲಿಮೀಟರ್ ಸರಿದಿದೆಯೇ ಎಂದು ಕಣ್ಣಾರೆ ನೋಡಬೇಕಾದಾಗ. ಆಗ ಮನುಷ್ಯ ಯಂತ್ರದ ಹತ್ತಿರ ಹೋಗಲೇಬೇಕು, ಯಂತ್ರವೂ ಅಷ್ಟಿಷ್ಟು ಅಲುಗಲೇಬೇಕು. ಮ್ಯಾನುಯಲ್ ಮೋಡ್ ಇರುವುದೇ ಈ ಹೊತ್ತಿಗಾಗಿ. ಆದರೆ ಆಟೋ ಪ್ರೋಗ್ರಾಮಿಗೆ ವಾರಗಟ್ಟಲೆ ಕೂತವರು ಮ್ಯಾನುಯಲ್‌ಗೆ ಕೊಡುವುದು ಸಾಮಾನ್ಯವಾಗಿ ಕೊನೆಯ ಅರ್ಧ ದಿನ.

ಅದರ ಫಲ ಏನೆಂದು ಜರ್ಮನಿಯ ಔದ್ಯೋಗಿಕ ಅಪಘಾತ ವಿಮಾ ಸಂಸ್ಥೆಗಳ ಒಕ್ಕೂಟ 2006ರಲ್ಲಿ ಪ್ರಕಟಿಸಿದ ವರದಿ ತೋರಿಸಿತ್ತು. ಲೋಹದ ಕೆಲಸದ ಯಂತ್ರಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ರಕ್ಷಣಾ ಸಾಧನಗಳನ್ನು ಆಗಾಗಲೋ ಖಾಯಮ್ಮಾಗಿಯೋ ಬೈಪಾಸ್ ಮಾಡಲಾಗುತ್ತಿತ್ತು. ಸ್ವಿಚ್ಚಿಗೆ ಮ್ಯಾಗ್ನೆಟ್ ಅಂಟಿಸಿದವರನ್ನು, ವೈರ್ ಜಂಪರ್ ಹಾಕಿದವರನ್ನು ಬೈದು ಪ್ರಯೋಜನವಿಲ್ಲ. ಅವರಿಗೆ ಮಾಡಲೇಬೇಕಾದ ಕೆಲಸವೊಂದಿತ್ತು, ಅದನ್ನು ಮಾಡಲು ಯಂತ್ರ ಬೇರೆ ದಾರಿ ಬಿಟ್ಟಿರಲಿಲ್ಲ. ಆ ದಾರಿಯನ್ನು ನಾವೇ ಮೊದಲು ಕಟ್ಟಿಕೊಡುವುದಾದರೆ ಯಾವ ಯಾವ ಆಯ್ಕೆಗಳಿವೆ, ಯಾವುದು ಎಲ್ಲಿಗೆ ಹೊಂದುತ್ತದೆ ಎಂದು ನೋಡೋಣ.

ಮೊದಲು ಇಂಟರ್‌ಲಾಕ್‌ಗಳನ್ನು ವಿಂಗಡಿಸಿ

ಯಂತ್ರವನ್ನು ನಡೆಸುವ ಕಂಪ್ಯೂಟರಾದ ಪಿಎಲ್‌ಸಿಯ ಪ್ರೋಗ್ರಾಮ್ ತೆರೆದರೆ ಒಂದು ಔಟ್‌ಪುಟ್‌ನ ಮುಂದೆ ಹತ್ತು ಹನ್ನೆರಡು ಕಂಡೀಷನ್‌ಗಳು ಸಾಲಾಗಿ ನಿಂತಿರುತ್ತವೆ. ಎಲ್ಲವನ್ನೂ ಇಂಟರ್‌ಲಾಕ್ (ಷರತ್ತು ಪೂರೈಸದೆ ಚಲನೆ ಆಗಗೊಡದ ತಡೆ) ಎಂದೇ ಕರೆಯುತ್ತೇವೆ, ಆದರೆ ಅವು ಮೂರು ಬೇರೆ ಜಾತಿಯವು. ಗಾರ್ಡ್ ಸ್ವಿಚ್, ಎಮರ್ಜೆನ್ಸಿ ಸ್ಟಾಪ್, ಲೈಟ್ ಕರ್ಟನ್ (ಬೆಳಕಿನ ಕಿರಣಕ್ಕೆ ಅಡ್ಡ ಬಂದರೆ ನಿಲ್ಲಿಸುವ ಸಾಧನ) ಇವು ಮನುಷ್ಯನನ್ನು ಕಾಯುವವು. 'ಗ್ರಿಪ್ಪರ್ ಮೇಲಿದ್ದರೆ ಮಾತ್ರ ಸ್ಲೈಡ್ ಮುಂದೆ ಹೋಗಲಿ' ಎನ್ನುವಂಥವು ಯಂತ್ರವನ್ನು ಯಂತ್ರದಿಂದಲೇ ಕಾಯುವವು. 'ಹಿಂದಿನ ಸ್ಟೆಪ್ ಮುಗಿದಿರಬೇಕು, ಪಾರ್ಟ್ ಬಂದಿರಬೇಕು' ಎನ್ನುವವು ಬರೀ ಕ್ರಮದ ಕಂಡೀಷನ್‌ಗಳು.

ಮ್ಯಾನುಯಲ್‌ಗೆ ಹೋದಾಗ ಮೂರನೆಯವು ಬಿದ್ದುಹೋಗಬೇಕು, ಇಲ್ಲದಿದ್ದರೆ ಮ್ಯಾನುಯಲ್ ಎಂಬುದಕ್ಕೆ ಅರ್ಥವೇ ಇಲ್ಲ. ಎರಡನೆಯವು ಉಳಿಯಬೇಕು. ಮೊದಲನೆಯವನ್ನು ಕಳಚುವ ಹಾಗೇ ಇಲ್ಲ, ಹೆಚ್ಚೆಂದರೆ ಬದಲಿಸಬಹುದು: ಗಾರ್ಡ್ ಕೊಡುತ್ತಿದ್ದ ರಕ್ಷಣೆಯನ್ನು ಅಷ್ಟೇ ನೆಚ್ಚಬಹುದಾದ ಇನ್ನೊಂದು ರಕ್ಷಣೆ ವಹಿಸಿಕೊಂಡ ಮೇಲೆಯೇ ಗಾರ್ಡ್ ತೆರೆದು ಓಡಿಸುವ ಮಾತು. ಈ ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿ ಬರೆದ ಪ್ರೋಗ್ರಾಮಿನಲ್ಲಿ ಯಾರಾದರೂ 'ಮ್ಯಾನುಯಲ್ ಬೈಪಾಸ್' ಅಂತ ಒಂದು ಬಿಟ್ ಸೇರಿಸಿದರೆ ಮೂರೂ ಒಟ್ಟಿಗೆ ಹೋಗುತ್ತವೆ. ಬಹಳ ಅನಾಹುತಗಳ ಬೇರು ಅಲ್ಲೇ ಇರುತ್ತದೆ.

ನಾಲ್ಕು ದಾರಿಗಳು

ಒಂದು, ಗಾರ್ಡ್ ಮುಚ್ಚಿಯೇ ಮ್ಯಾನುಯಲ್. ಹೊರಗಿನ ಪ್ಯಾನೆಲ್‌ನಿಂದ ಒಂದೊಂದೇ ಸಿಲಿಂಡರ್, ಒಂದೊಂದೇ ಮೋಟರ್ ಓಡಿಸಿ ನೋಡುವುದು. ಸೆನ್ಸರ್ ಪರೀಕ್ಷೆ, ಹೋಮ್ ಪೊಸಿಷನ್‌ಗೆ (ಆರಂಭದ ಸ್ಥಾನಕ್ಕೆ) ತರುವುದು, ದೋಷ ಯಾವ ಅಕ್ಷದಲ್ಲಿ, ಅಂದರೆ ಚಲಿಸುವ ಯಾವ ಭಾಗದಲ್ಲಿದೆ ಎಂದು ಹುಡುಕುವುದು, ಇದಕ್ಕೆಲ್ಲ ಇಷ್ಟೇ ಸಾಕು. ಖರ್ಚು ಕಡಿಮೆ, ಸುರಕ್ಷತೆ ಆಟೋದಷ್ಟೇ. ನನ್ನ ಅಭಿಪ್ರಾಯದಲ್ಲಿ ಗಾರ್ಡ್‌ನಲ್ಲಿ ದೊಡ್ಡ ಪಾರದರ್ಶಕ ಕಿಟಕಿ, ಒಳಗೆ ಒಳ್ಳೆಯ ದೀಪ, ಬೇಕಾದರೆ ಒಂದು ಕ್ಯಾಮೆರಾ ಹಾಕಿದರೆ ಗಾರ್ಡ್ ತೆರೆಯುವ ಅಗತ್ಯವೇ ಅರ್ಧಕ್ಕರ್ಧ ಇಳಿಯುತ್ತದೆ. ದುಬಾರಿ ಸೇಫ್ಟಿ ಕಂಟ್ರೋಲರ್ ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ.

ಎರಡು, ಗಾರ್ಡ್ ತೆರೆದು, ವೇಗ ತಗ್ಗಿಸಿ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಚಲನೆ. ರೋಬಾಟ್‌ಗೆ ಪಾಯಿಂಟ್ ಕಲಿಸುವುದು, ಟೂಲ್ ಅಲೈನ್ ಮಾಡುವುದು, ಬೆಲ್ಟ್ ಟ್ರ್ಯಾಕಿಂಗ್ ಸರಿಪಡಿಸುವುದು ಇವಕ್ಕೆ ಹತ್ತಿರದಿಂದ ನೋಡದೆ ಗತಿಯಿಲ್ಲ. ಈ ದಾರಿಗೆ ಯುರೋಪಿನ 2006/42/ಇಸಿ ಯಂತ್ರ ನಿರ್ದೇಶನ ಹಾಕಿರುವ ನಾಲ್ಕು ಷರತ್ತುಗಳಷ್ಟು ಚೊಕ್ಕಟವಾದ ಚೆಕ್‌ಲಿಸ್ಟ್ ನಾನು ಬೇರೆ ಕಂಡಿಲ್ಲ. ಸೆಲೆಕ್ಟರ್ ಈ ಮೋಡ್‌ಗೆ ತಿರುಗಿದ ಕೂಡಲೆ ಬೇರೆ ಎಲ್ಲ ಮೋಡ್‌ಗಳೂ ಸತ್ತಿರಬೇಕು. ಅಪಾಯದ ಚಲನೆ ಒತ್ತಿ ಹಿಡಿಯುವ ಸಾಧನದಿಂದ ಮಾತ್ರ ಆಗಬೇಕು. ತಗ್ಗಿಸಿದ ವೇಗ, ತಗ್ಗಿಸಿದ ಬಲದಂಥ ಸ್ಥಿತಿಯಲ್ಲೇ ಆಗಬೇಕು, ಒಂದು ಚಲನೆ ಇನ್ನೊಂದನ್ನು ಎಬ್ಬಿಸಬಾರದು. ಕೊನೆಯದಾಗಿ, ಯಂತ್ರದ ಸೆನ್ಸರ್ ಎದುರು ಬೇಕೆಂದೋ ಅಕಸ್ಮಾತ್ತಾಗಿಯೋ ಕೈ ಅಡ್ಡ ಬಂದರೆ ಏನೂ ಚಲಿಸಬಾರದು. ಈ ನಾಲ್ಕೂ ಒಟ್ಟಿಗೆ ಇರಬೇಕು. ಹೆಚ್ಚಿನವರು ಮರೆಯುವುದು ಕೊನೆಯದನ್ನು: ಆಟೋದಲ್ಲಿ ಪಾರ್ಟ್ ಬಂತೆಂದು ಫೋಟೋ ಸೆನ್ಸರ್ ಹೇಳಿದ ಕೂಡಲೆ ಕ್ಲ್ಯಾಂಪ್ ಮುಚ್ಚುತ್ತದಲ್ಲ, ಅದೇ ಸಾಲು ಮ್ಯಾನುಯಲ್‌ನಲ್ಲೂ ಜೀವಂತವಾಗಿದ್ದರೆ ಸೆನ್ಸರ್ ಒರೆಸಲು ಹೋದ ಬೆರಳೇ ಪಾರ್ಟ್ ಆಗುತ್ತದೆ.

ಮೂರು, ಶಕ್ತಿ ಕಡಿದು ಕೈಯಿಂದಲೇ ತಿರುಗಿಸುವುದು. ಮೇನ್ ಆಫ್ ಮಾಡಿ, ಬೀಗ ಹಾಕಿ, ಗಾಳಿ ಹೊರಬಿಟ್ಟು, ಕೈಚಕ್ರದಿಂದಲೋ ಸ್ಪ್ಯಾನರಿನಿಂದಲೋ ಶಾಫ್ಟ್ ತಿರುಗಿಸುವುದು. ಸಿಕ್ಕಿಕೊಂಡದ್ದನ್ನು ಬಿಡಿಸಲು, ಬ್ಲೇಡ್ ಬದಲಿಸಲು, ದೇಹದ ಯಾವುದೇ ಭಾಗ ಟೂಲ್‌ಗಳ ನಡುವೆ ಹೋಗಬೇಕಾದ ಕೆಲಸಕ್ಕೆಲ್ಲ ಇದೊಂದೇ ದಾರಿ. ಇದಕ್ಕೆ ಬದಲಿಯಾಗಿ ಎಮರ್ಜೆನ್ಸಿ ಸ್ಟಾಪ್ ಒತ್ತಿ ಒಳಗೆ ಹೋಗುವ ಅಭ್ಯಾಸ ಎಲ್ಲೆಡೆ ಇದೆ. ಅದು ತಪ್ಪು, ಏಕೆಂದರೆ ಆ ಗುಂಡಿಯನ್ನು ಇನ್ನೊಬ್ಬರು ಬಂದು ಬಿಡಿಸಬಹುದು. ಬೀಗದ ಕೀಲಿ ಒಳಗೆ ಹೋದವರ ಜೇಬಿನಲ್ಲೇ ಇರುತ್ತದೆ.

ನಾಲ್ಕು, ಗಾರ್ಡ್ ಬೈಪಾಸ್ ಕೀ. ಕೀ ತಿರುಗಿಸಿದರೆ ಗಾರ್ಡ್ ಸ್ವಿಚ್ ಇಲ್ಲವೆಂದು ಭಾವಿಸಿ ಯಂತ್ರ ಪೂರ್ತಿ ವೇಗದಲ್ಲಿ ಓಡುತ್ತದೆ. ಇದನ್ನು ಆಯ್ಕೆಯೆಂದು ನಾನು ಎಣಿಸುವುದಿಲ್ಲ. ಇಲ್ಲಿ ಹೆಸರಿಸಿದ್ದು, ಬಹಳ ಯಂತ್ರಗಳಲ್ಲಿ ಎರಡನೆಯ ದಾರಿಯ ಹೆಸರಿನಲ್ಲಿ ಇರುವುದು ಇದೇ ಆದ್ದರಿಂದ.

ವೇಗ ಎಷ್ಟು ತಗ್ಗಿದರೆ ಸಾಕು?

ರೋಬಾಟ್‌ಗಳಿಗೆ ಐಎಸ್‌ಒ 10218 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ಮ್ಯಾನುಯಲ್ ವೇಗದ ಮಿತಿ ಸೆಕೆಂಡಿಗೆ 250 ಮಿ.ಮೀ. ಈ ಸಂಖ್ಯೆ ಎಷ್ಟು ಬಾಯಿಗೆ ಬಂದುಬಿಟ್ಟಿದೆ ಎಂದರೆ, ಪ್ರೆಸ್ಸಿಗೂ ಕ್ಲ್ಯಾಂಪಿಗೂ ಅದನ್ನೇ ಹಾಕಿಬಿಡುತ್ತಾರೆ. ಲೆಕ್ಕ ಮಾಡಿ ನೋಡಿ. ಅಪಾಯ ಕಂಡು, ಬೆರಳು ಗುಂಡಿ ಬಿಟ್ಟು, ಯಂತ್ರ ನಿಲ್ಲುವ ಹೊತ್ತಿಗೆ ಒಟ್ಟು ಅರ್ಧ ಸೆಕೆಂಡ್ ಹಿಡಿದರೆ, 250ರ ವೇಗದಲ್ಲಿ ಯಂತ್ರ ಆಗಲೇ 125 ಮಿ.ಮೀ. ಸರಿದಿರುತ್ತದೆ. ಸುತ್ತ ಹಿಂದೆ ಸರಿಯಲು ಜಾಗವಿದ್ದಾಗ ಅದು ಪರವಾಗಿಲ್ಲ. ಎರಡು ಟೂಲ್‌ಗಳ ನಡುವೆ 40 ಮಿ.ಮೀ. ಸಂದು ಮುಚ್ಚುತ್ತಿದ್ದರೆ ಅದು ಮಿತಿಯೇ ಅಲ್ಲ. ಹೈಡ್ರಾಲಿಕ್ ಪ್ರೆಸ್‌ಗಳಲ್ಲಿ ಒತ್ತಿ ಹಿಡಿದು ಮುಚ್ಚುವ ವೇಗಕ್ಕೆ ಸೆಕೆಂಡಿಗೆ 10 ಮಿ.ಮೀ. ಎಂಬ ಮಿತಿ ಬಂದಿರುವುದು ಇದಕ್ಕೇ. ಅದೇ ಅರ್ಧ ಸೆಕೆಂಡಿಗೆ ಅಲ್ಲಿ ಸರಿಯುವುದು 5 ಮಿ.ಮೀ. ಹಾಗಾಗಿ ಜಜ್ಜುವ ಜಾಗ ಇದೆಯೇ, ತಪ್ಪಿಸಿಕೊಳ್ಳುವ ಜಾಗ ಇದೆಯೇ ಎಂದು ಮೊದಲು ನೋಡಿ, ಸಂಖ್ಯೆ ಆಮೇಲೆ.

ವೇಗ ತಗ್ಗಿಸುವುದು ಬೇರೆ, ತಗ್ಗಿದೆ ಎಂದು ಕಾವಲಿರುವುದು ಬೇರೆ. ಪಿಎಲ್‌ಸಿ ಡ್ರೈವ್‌ಗೆ ಕಡಿಮೆ ಸ್ಪೀಡ್ ಸೆಟ್‌ಪಾಯಿಂಟ್ ಕಳಿಸಿದರೆ ಅದು ಬರೀ ಕೋರಿಕೆ. ಐಇಸಿ 61800-5-2 ಮಾನದಂಡದ ಪ್ರಕಾರ ಎಸ್‌ಎಲ್‌ಎಸ್ (ವೇಗದ ಮಿತಿಯ ಸುರಕ್ಷಿತ ಕಾವಲು) ಇರುವ ಸರ್ವೋ ಡ್ರೈವ್ ಆ ವೇಗ ಮೀರಿತೋ ಎಂದು ತಾನೇ ನೋಡುತ್ತಿದ್ದು, ಮೀರಿದರೆ ಯಂತ್ರವನ್ನು ನಿಲ್ಲಿಸುತ್ತದೆ. ಗಾರ್ಡ್‌ನ ಜಾಗಕ್ಕೆ ಬರಬಲ್ಲದ್ದು ಎರಡನೆಯದೇ. ಹಾಗೆಯೇ ಡ್ರೈವ್‌ನ ಇನ್ನೊಂದು ಸುರಕ್ಷತಾ ಸೌಲಭ್ಯವಾದ ಎಸ್‌ಟಿಒ ಮೋಟರಿನ ಟಾರ್ಕ್ (ತಿರುಗಿಸುವ ಬಲ) ಕಡಿಯುತ್ತದೆ, ಲಂಬ ಅಕ್ಷವನ್ನು ಹಿಡಿದಿಡುವುದಿಲ್ಲ. ಭಾರವಿರುವ ಲಂಬ ಅಕ್ಷಕ್ಕೆ ಬ್ರೇಕ್ ಬೇಕು, ಆ ಬ್ರೇಕ್ ಹಿಡಿಯುತ್ತಿದೆಯೇ ಎಂದು ಆಗಾಗ ಪರೀಕ್ಷೆಯೂ ಆಗುತ್ತಿರಬೇಕು.

ಗುಂಡಿ ಬಿಟ್ಟರೆ ನಿಲ್ಲುತ್ತದೆ ಎಂಬ ನಂಬಿಕೆ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಾನು ಪೆಟ್ಟು ತಿಂದು ಕಲಿತ ಜಾಗ ಇದು. ಒಂದು ಅಸೆಂಬ್ಲಿ ಯಂತ್ರದಲ್ಲಿ ಎಲ್ಲ ಸಿಲಿಂಡರ್‌ಗಳಿಗೂ ಒತ್ತಿ ಹಿಡಿಯುವ ಲಾಜಿಕ್ ಬರೆದಿದ್ದೆ. ಗುಂಡಿ ಬಿಟ್ಟರೆ ಔಟ್‌ಪುಟ್ ಆಫ್, ಪ್ರೋಗ್ರಾಮಿನಲ್ಲಿ ತಪ್ಪೇನೂ ಇರಲಿಲ್ಲ. ಗ್ರಿಪ್ಪರ್ ಮುಂದೆ ಬರುತ್ತಿದ್ದಾಗ ಫಿಟ್ಟರ್ ಒಬ್ಬರು ನಿಲ್ಲಲಿ ಎಂದು ಗುಂಡಿ ಬಿಟ್ಟರು. ಗ್ರಿಪ್ಪರ್ ನಿಲ್ಲಲಿಲ್ಲ, ಸರ್ರನೆ ಹಿಂದಕ್ಕೆ ಹೋಯಿತು. ಹಿಂದೆ ಇದ್ದ ಅವರ ಎಡಗೈ ಕೂದಲೆಳೆಯಲ್ಲಿ ಉಳಿಯಿತು. ಸಿಲಿಂಡರಿಗೆ ಗಾಳಿ ಬಿಡುವ ವಾಲ್ವ್ ಸಿಂಗಲ್ ಸೊಲೆನಾಯ್ಡ್ (ಒಂದೇ ವಿದ್ಯುತ್ ಸುರುಳಿಯದು), ಸ್ಪ್ರಿಂಗ್ ರಿಟರ್ನ್ ಆಗಿತ್ತು. ಕರೆಂಟ್ ಹೋದ ಕೂಡಲೆ ಸ್ಪ್ರಿಂಗ್ ತನ್ನ ಕೆಲಸ ಮಾಡಿತು.

ಅಂದಿನಿಂದ ಮ್ಯಾನುಯಲ್ ಲಾಜಿಕ್ ಬರೆಯುವ ಮೊದಲು ನ್ಯೂಮ್ಯಾಟಿಕ್ (ಗಾಳಿ ಒತ್ತಡದ) ಡ್ರಾಯಿಂಗ್ ಬಿಡಿಸಿಟ್ಟುಕೊಂಡು ಕೂರುತ್ತೇನೆ. ಸಿಂಗಲ್ ಸೊಲೆನಾಯ್ಡ್ 5/2 (ಐದು ಪೋರ್ಟ್, ಎರಡು ಸ್ಥಾನದ) ವಾಲ್ವ್‌ನಲ್ಲಿ ಗುಂಡಿ ಬಿಡುವುದೆಂದರೆ ಎದುರು ದಿಕ್ಕಿನ ಚಲನೆಗೆ ಆಜ್ಞೆ ಕೊಟ್ಟಂತೆ. ಡಬಲ್ ಸೊಲೆನಾಯ್ಡ್ 5/2ರಲ್ಲಿ ಗುಂಡಿ ಬಿಟ್ಟರೂ ಗಾಳಿಯ ದಾರಿ ಬದಲಿಸುವ ಸ್ಪೂಲ್ ಇದ್ದಲ್ಲೇ ಇರುತ್ತದೆ, ಸಿಲಿಂಡರ್ ಕೊನೆ ಮುಟ್ಟುವವರೆಗೆ ಹೋಗುತ್ತಲೇ ಇರುತ್ತದೆ. ನಡುವೆ ನಿಲ್ಲಬೇಕೆಂದರೆ ಮಧ್ಯದಲ್ಲಿ ಪೋರ್ಟ್‌ಗಳೆಲ್ಲ ಮುಚ್ಚುವ 5/3 ವಾಲ್ವ್ ಬೇಕು, ಇಲ್ಲವೇ ಸಿಲಿಂಡರಿನ ರಾಡನ್ನೇ ಬಿಗಿಹಿಡಿಯುವ ರಾಡ್ ಲಾಕ್ ಬೇಕು.

ಹಾಗಾದರೆ ಎಲ್ಲ ಕಡೆ ಮುಚ್ಚುವ 5/3 ಹಾಕಿಬಿಡೋಣವೇ? ಅದಕ್ಕೂ ಒಂದು ಬೆಲೆ ಇದೆ. ಸಿಲಿಂಡರಿನ ಎರಡೂ ಬದಿ ಗಾಳಿ ಬಂಧಿಯಾಗಿ ಉಳಿಯುತ್ತದೆ. ಮೇನ್ ಏರ್ ಆಫ್ ಮಾಡಿ ಗೇಜ್ ಸೊನ್ನೆ ತೋರಿಸಿದರೂ ಒಳಗೆ ಒತ್ತಡ ಇದ್ದೇ ಇರುತ್ತದೆ. ಸಿಕ್ಕಿಕೊಂಡ ಪಾರ್ಟ್ ಎಳೆದು ತೆಗೆದ ಕ್ಷಣ ಸಿಲಿಂಡರ್ ಹಾರುತ್ತದೆ. ಜಾಗ್ ಮಾಡಲು (ಗುಂಡಿ ಹಿಡಿದು ಸ್ವಲ್ಪ ಸ್ವಲ್ಪವೇ ಸರಿಸಲು) ಒಳ್ಳೆಯ ವಾಲ್ವ್ ಜಾಮ್ ಬಿಡಿಸಲು ಕೆಟ್ಟದ್ದು. ನನ್ನ ಆಯ್ಕೆ ಹೀಗೆ: ಜಾಮ್ ಆಗುವ ಸ್ಟೇಷನ್‌ಗಳಲ್ಲಿ ಗಾರ್ಡ್ ತೆರೆದಾಗ ಎರಡೂ ಬದಿಯ ಗಾಳಿ ಹೊರಬೀಳುವ ವ್ಯವಸ್ಥೆ, ಮತ್ತೆ ಗಾಳಿ ಬರುವಾಗ ನಿಧಾನವಾಗಿ ತುಂಬುವ ಸಾಫ್ಟ್ ಸ್ಟಾರ್ಟ್ ವಾಲ್ವ್. ಲಂಬವಾಗಿ ಭಾರ ಹೊತ್ತ ಸಿಲಿಂಡರ್‌ಗೆ ಮಾತ್ರ ಗಾಳಿ ಬಿಟ್ಟರೆ ಭಾರ ಬೀಳುವುದರಿಂದ ರಾಡ್ ಲಾಕ್. ನಿಖರವಾಗಿ ನಡುವೆ ನಿಲ್ಲಿಸಬೇಕಾದ ಅಕ್ಷಗಳು ನಾಲ್ಕಾರು ಇದ್ದರೆ ಅವನ್ನು ಸರ್ವೋಗೆ ಬದಲಿಸುವುದೇ ಲೇಸು.

ಇನ್ನೊಂದು ಚಿಕ್ಕ ವಸ್ತುವಿನ ಮೇಲೆ ಕಣ್ಣಿಡಿ. ಸೊಲೆನಾಯ್ಡ್ ವಾಲ್ವ್‌ಗಳ ಮೈಮೇಲೆ ಸ್ಕ್ರೂಡ್ರೈವರಿನಿಂದ ಒತ್ತುವ ಪುಟ್ಟ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಪಿಎಲ್‌ಸಿಯಲ್ಲಿ ನೀವು ಬರೆದ ಯಾವ ಇಂಟರ್‌ಲಾಕ್ ಕೂಡ ಲೆಕ್ಕಕ್ಕಿಲ್ಲ. ವಾಲ್ವ್ ಬ್ಯಾಂಕ್ ಗಾರ್ಡ್ ಒಳಗೇ ಇದ್ದರೆ ಇದೇ ಎಲ್ಲರ ನಿಜವಾದ ಮ್ಯಾನುಯಲ್ ಮೋಡ್ ಆಗಿಬಿಡುತ್ತದೆ. ಆ ಗುಂಡಿಗೆ ಮುಚ್ಚಳ ಹಾಕಿಸಿ, ಅಥವಾ ವಾಲ್ವ್ ಬ್ಯಾಂಕನ್ನು ಬೀಗವಿರುವ ಪೆಟ್ಟಿಗೆಯಲ್ಲಿಡಿ.

ಕೈಯಲ್ಲಿ ಹಿಡಿಯುವ ಸಾಧನ

ಟಚ್ ಸ್ಕ್ರೀನಿನ ಜಾಗ್ ಗುಂಡಿ ಅಗ್ಗ, ಸುಲಭ, ಗಾರ್ಡ್ ಮುಚ್ಚಿರುವಾಗ ಸಾಕಷ್ಟು ಒಳ್ಳೆಯದು. ಗಾರ್ಡ್ ತೆರೆದಾಗ ಅದನ್ನು ನಂಬಬೇಡಿ. ಒತ್ತಿದ ಹೊತ್ತಿನಲ್ಲಿ ಸ್ಕ್ರೀನ್ ಮತ್ತು ಪಿಎಲ್‌ಸಿ ನಡುವಿನ ಸಂಪರ್ಕ ತಪ್ಪಿದರೆ ಆ ಬಿಟ್ 1 ಆಗಿಯೇ ಉಳಿಯಬಹುದು, ಬೆರಳು ತೆಗೆದರೂ ಚಲನೆ ಮುಂದುವರಿಯಬಹುದು. ಗಾರ್ಡ್ ಮುಚ್ಚಿದ್ದಾಗಲೂ ಸಂಪರ್ಕದ ಮೇಲೆ ಒಂದು ವಾಚ್‌ಡಾಗ್ (ಸಂಪರ್ಕ ತಪ್ಪಿದರೆ ಚಲನೆ ನಿಲ್ಲಿಸುವ ಕಾವಲು) ಇಡುವುದು ವಾಸಿ.

ಎರಡು ಕೈ ಗುಂಡಿ ಒಳ್ಳೆಯದು, ಒಂದು ಮಿತಿಯೊಂದಿಗೆ. ಎರಡೂ ಗುಂಡಿ 0.5 ಸೆಕೆಂಡಿನೊಳಗೆ ಒತ್ತಿರಬೇಕು ಎಂಬ ಬಗೆಯದನ್ನೇ ಹಾಕಿ, ಒಂದನ್ನು ಟೇಪ್ ಸುತ್ತಿ ಕಟ್ಟಿಡುವ ಉಪಾಯ ಆಗ ನಡೆಯುವುದಿಲ್ಲ. ಆದರೆ ಅದು ಕಾಯುವುದು ಒತ್ತುವವರ ಕೈಗಳನ್ನು ಮಾತ್ರ. ಪಕ್ಕದಲ್ಲಿ ನಿಂತ ಇನ್ನೊಬ್ಬರಿಗೆ ಅದರಿಂದ ಏನೂ ಇಲ್ಲ, ಮತ್ತೆ ಅದು ಒಂದೇ ಕಡೆ ನೆಟ್ಟು ನಿಂತಿರುವುದರಿಂದ ಕೆಲಸದ ಜಾಗ ಕಾಣದೆ ಹೋಗಬಹುದು.

ಸುತ್ತಾಡುತ್ತಾ ನೋಡಬೇಕಾದ ಕೆಲಸಕ್ಕೆ ಮೂರು ಸ್ಥಾನದ ಎನೇಬಲ್ ಸ್ವಿಚ್ ಇರುವ ಪೆಂಡೆಂಟ್ ಎಂಬ ಕೈಸಾಧನದಷ್ಟು ಸರಿಯಾದ್ದು ಬೇರೆ ಇಲ್ಲ. ನಡುವಿನ ಸ್ಥಾನದಲ್ಲಿ ಹಿಡಿದಿದ್ದರೆ ಮಾತ್ರ ಚಲನೆ. ಬಿಟ್ಟರೂ ನಿಲ್ಲುತ್ತದೆ, ಗಾಬರಿಯಿಂದ ಬಿಗಿಯಾಗಿ ಅಮುಕಿದರೂ ನಿಲ್ಲುತ್ತದೆ. ಮನುಷ್ಯ ಹೆದರಿದಾಗ ಕೈ ಬಿಡುತ್ತಾನೋ ಹಿಂಡುತ್ತಾನೋ ಯಾರಿಗೂ ಗೊತ್ತಿಲ್ಲ ಎಂಬುದನ್ನು ಒಪ್ಪಿಕೊಂಡ ವಿನ್ಯಾಸ ಅದು. ಪೂರ್ತಿ ಹಿಂಡಿದ ಮೇಲೆ ಬೆರಳು ಸಡಿಲಿಸುವಾಗ ನಡುವಿನ ಸ್ಥಾನ ದಾಟಿದರೂ ಮತ್ತೆ ಎನೇಬಲ್ ಆಗಬಾರದು. ಕೊಳ್ಳುವಾಗ ಇದನ್ನು ಒತ್ತಿಯೇ ಪರೀಕ್ಷಿಸಿ. ಎನೇಬಲ್ ಸ್ವಿಚ್ ಚಲನೆಗೆ ಅನುಮತಿ ಕೊಡುವುದಷ್ಟೇ, ಅದೇ ಚಲನೆ ಶುರು ಮಾಡಬಾರದು. ಶುರು ಮಾಡಲು ಬೇರೆ ಜಾಗ್ ಗುಂಡಿ ಇರಲಿ. ಒಳಗೆ ಇಬ್ಬರು ಹೋಗುವ ಕೆಲಸವಾದರೆ ಇಬ್ಬರಿಗೂ ಒಂದೊಂದು ಬೇಕು, ಎರಡೂ ಹಿಡಿದಿದ್ದರೆ ಮಾತ್ರ ಚಲನೆ.

ಲಾಜಿಕ್ ಎಲ್ಲಿ ಬರೆಯಬೇಕು?

ಡಿಕ್ಕಿ ತಪ್ಪಿಸುವ ಇಂಟರ್‌ಲಾಕ್‌ಗಳಿಗೆ ಸಾಮಾನ್ಯ ಪಿಎಲ್‌ಸಿ ಸಾಕು. ಮನುಷ್ಯನನ್ನು ಕಾಯುವವಕ್ಕೆ ಸಾಲದು. ಒಂದೆರಡು ಗಾರ್ಡ್, ತೆರೆದರೆ ಎಲ್ಲ ನಿಲ್ಲಲಿ ಎಂಬಷ್ಟೇ ಇದ್ದರೆ ಸೇಫ್ಟಿ ರಿಲೇ ಅಗ್ಗ, ಯಾರಿಗೂ ಅರ್ಥವಾಗುತ್ತದೆ. ಮೋಡ್ ಸೆಲೆಕ್ಟರ್, ಎನೇಬಲ್ ಸ್ವಿಚ್, ಮೂರ್ನಾಲ್ಕು ಗಾರ್ಡ್ ಸೇರಿದ ಕೂಡಲೆ ರಿಲೇಗಳ ವೈರಿಂಗ್ ಜೇಡರ ಬಲೆಯಾಗುತ್ತದೆ, ಅಲ್ಲಿಂದ ಮುಂದೆ ಕಾನ್ಫಿಗರ್ ಮಾಡಬಲ್ಲ ಸೇಫ್ಟಿ ಕಂಟ್ರೋಲರ್ ಲಾಭ. ಹಲವು ವಲಯಗಳು, ಎಸ್‌ಎಲ್‌ಎಸ್ ಇರುವ ಹಲವು ಡ್ರೈವ್‌ಗಳು ಇದ್ದರೆ ಸೇಫ್ಟಿ ಪಿಎಲ್‌ಸಿ.

ಈ ಆಯ್ಕೆಗಿಂತ ಮುಖ್ಯವಾದದ್ದು ಇನ್ನೊಂದಿದೆ. ಗಾರ್ಡ್‌ನ ಸರ್ಕ್ಯೂಟ್ ಐಎಸ್‌ಒ 13849-1 ಪ್ರಕಾರ ಪರ್ಫಾರ್ಮೆನ್ಸ್ ಲೆವೆಲ್ ಡಿ (ಎ ಯಿಂದ ಇ ವರೆಗಿನ ವಿಶ್ವಾಸಾರ್ಹತೆಯ ಮಟ್ಟಗಳಲ್ಲಿ ಮೇಲಿನಿಂದ ಎರಡನೆಯದು) ಎಂದು ಕಟ್ಟಿ, ಅದನ್ನು ಸರಿಸುವ 'ಈಗ ಮ್ಯಾನುಯಲ್' ಎಂಬ ಸಿಗ್ನಲ್ಲನ್ನು ಸಾಮಾನ್ಯ ಪಿಎಲ್‌ಸಿಯ ಒಂದು ಬಿಟ್‌ನಿಂದ ತಂದರೆ ಇಡೀ ರಕ್ಷಣೆ ಆ ಒಂದು ಬಿಟ್‌ನ ಮಟ್ಟಕ್ಕೆ ಇಳಿಯುತ್ತದೆ. ಕೀ ಸೆಲೆಕ್ಟರ್‌ನ ಕಾಂಟ್ಯಾಕ್ಟ್‌ಗಳು ನೇರವಾಗಿ ಸೇಫ್ಟಿ ಕಂಟ್ರೋಲರ್‌ಗೆ ಹೋಗಲಿ. ಅವುಗಳಲ್ಲಿ ಯಾವಾಗಲೂ ಸರಿಯಾಗಿ ಒಂದೇ ಆನ್ ಇರಬೇಕು, ಎರಡು ಆನ್ ಅಥವಾ ಒಂದೂ ಇಲ್ಲ ಎಂದರೆ ನಿಲುಗಡೆ.

ಡಿಕ್ಕಿ ಇಂಟರ್‌ಲಾಕ್ ಬರೆಯುವಾಗ ಅಕ್ಷಕ್ಕೊಂದು ಕಂಡೀಷನ್ ಹಾಕುವುದಕ್ಕಿಂತ ದಿಕ್ಕಿಗೊಂದು ಹಾಕಿ. ಮುಂದೆ ಹೋಗುವುದನ್ನು ತಡೆಯಬೇಕಾದಲ್ಲಿ ಹಿಂದೆ ಬರುವುದನ್ನೂ ತಡೆದುಬಿಟ್ಟರೆ, ಒಂದು ಸೆನ್ಸರ್ ಕೆಟ್ಟ ದಿನ ಯಂತ್ರ ಅತ್ತ ಇತ್ತ ಅಲುಗದೆ ಕೂರುತ್ತದೆ. ಜಂಪರ್ ಹುಟ್ಟುವುದು ಆ ದಿನವೇ. ಗುಂಡಿ ಒತ್ತಿದಾಗ ಚಲನೆ ಆಗದಿದ್ದರೆ ಯಾವ ಕಂಡೀಷನ್ ತಡೆದಿದೆ ಎಂದು ಸ್ಕ್ರೀನಿನಲ್ಲಿ ಮಾತಿನಲ್ಲೇ ತೋರಿಸಿ: 'ಗ್ರಿಪ್ಪರ್ ಮೇಲಿಲ್ಲ, ಸ್ಲೈಡ್ ಮುಂದೆ ಹೋಗದು'. ಈ ಒಂದು ಸಾಲು ತಡೆಯುವಷ್ಟು ಬೈಪಾಸ್‌ಗಳನ್ನು ಎಚ್ಚರಿಕೆ ಫಲಕಗಳು ತಡೆದದ್ದನ್ನು ನಾನು ಕಂಡಿಲ್ಲ. ಅನಿವಾರ್ಯವಾಗಿ ಒಂದು ಡಿಕ್ಕಿ ಇಂಟರ್‌ಲಾಕ್ ಸಡಿಲಿಸಲೇಬೇಕಾದರೆ ಆ ಒಂದು ಚಲನೆಗೆ, ನಿಧಾನ ವೇಗದಲ್ಲಿ, ಗುಂಡಿ ಹಿಡಿದಷ್ಟು ಹೊತ್ತಿಗೆ ಮಾತ್ರ ಸಡಿಲಿಸಿ. ಮೋಡ್ ಬದಲಾದ ಕೂಡಲೆ ಅದು ತಾನಾಗಿ ಮೊದಲಿನಂತಾಗಬೇಕು.

ಗಾರ್ಡ್ ಸ್ವಿಚ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಬರೀ ಮ್ಯಾಗ್ನೆಟ್ ಅಥವಾ ಲೋಹ ಕಂಡರೆ ಆನ್ ಆಗುವ ಸ್ವಿಚ್ಚನ್ನು ವಂಚಿಸುವುದು ಬಲು ಸುಲಭ. ಆಗಾಗ ಮ್ಯಾನುಯಲ್ ಕೆಲಸವಿರುವ ಯಂತ್ರಕ್ಕೆ ತನ್ನದೇ ಕೋಡ್ ಇರುವ ಜೋಡಿಯನ್ನು ರೇಡಿಯೋದಿಂದ ಗುರುತಿಸುವ ಹೈ ಕೋಡೆಡ್ ಆರ್‌ಎಫ್‌ಐಡಿ ಸ್ವಿಚ್ ಹಾಕಿ. ಐಎಸ್‌ಒ 14119 ಪ್ರಕಾರ ಹೈ ಕೋಡಿಂಗ್ ಎಂದರೆ 1000ಕ್ಕಿಂತ ಹೆಚ್ಚು ಕೋಡ್ ಸಾಧ್ಯತೆ. ಹಲವು ಗಾರ್ಡ್‌ಗಳ ಕಾಂಟ್ಯಾಕ್ಟ್‌ಗಳನ್ನು ಸಾಲಾಗಿ ಸೀರೀಸ್‌ನಲ್ಲಿ ಕಟ್ಟಿದರೆ ಒಂದರ ದೋಷವನ್ನು ಇನ್ನೊಂದು ಗಾರ್ಡ್ ತೆರೆದು ಮುಚ್ಚುವುದು ಮುಚ್ಚಿಹಾಕಬಹುದು, ಸಾಧ್ಯವಾದರೆ ಬೇರೆ ಬೇರೆ ತನ್ನಿ. ನಿಲ್ಲಲು ಹೊತ್ತು ಹಿಡಿಯುವ ಯಂತ್ರಕ್ಕೆ ಬೀಗವಿರುವ ಗಾರ್ಡ್ ಬೇಕು. ಕರೆಂಟ್ ಹೋದಾಗಲೂ ಮುಚ್ಚಿಯೇ ಇರುವ, ತೆರೆಯಲು ಕರೆಂಟ್ ಬೇಕಾದ ಬಗೆಯದು ಒಳ್ಳೆಯದು, ಒಳಗೆ ಸಿಕ್ಕಿಕೊಂಡವರು ತೆರೆದುಕೊಳ್ಳುವ ಹಿಡಿಯೊಂದಿಗೆ.

ಮತ್ತೆ ಆಟೋಗೆ

ಕೈಯಿಂದ ಅಲುಗಿಸಿದ ಯಂತ್ರಕ್ಕೆ ತಾನು ಎಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಸೀಕ್ವೆನ್ಸ್‌ನ ಸ್ಟೆಪ್ ನಂಬರ್ ಹಾಗೇ ಉಳಿದಿದ್ದರೆ, ಆಟೋಗೆ ಹೋದ ಕೂಡಲೆ ನಿಂತಲ್ಲಿಂದಲೇ ಮುಂದುವರಿಯಲು ಹೋಗುತ್ತದೆ. ಚಿಕ್ಕ ಯಂತ್ರಗಳಿಗೆ ಸ್ಟೆಪ್ ಅಳಿಸಿ ಹೋಮ್‌ನಿಂದ ಶುರು ಮಾಡುವುದೇ ಸರಿ. ಅರ್ಧ ಮುಗಿದ ಪಾರ್ಟ್‌ಗಳು ಒಳಗಿರುವ ದೊಡ್ಡ ಲೈನ್‌ಗಳಲ್ಲಿ ಮಾತ್ರ, ಸ್ಟೆಪ್ ಹೇಳುವ ಸ್ಥಿತಿಯೂ ಸೆನ್ಸರ್‌ಗಳು ಹೇಳುವ ಸ್ಥಿತಿಯೂ ಹೊಂದಿದರೆ ಮುಂದುವರಿಯುವ ಲಾಜಿಕ್ ಬರೆಯುವ ಶ್ರಮಕ್ಕೆ ಅರ್ಥವಿದೆ. ಎರಡರಲ್ಲೂ ಗಾರ್ಡ್ ಮುಚ್ಚಿದ್ದಷ್ಟಕ್ಕೆ ಯಂತ್ರ ಶುರುವಾಗಬಾರದು. ಮುಚ್ಚುವುದು, ಒಳಗೆ ಯಾರೂ ಇಲ್ಲವೆಂದು ಕಾಣುವ ಜಾಗದಿಂದ ರಿಸೆಟ್ ಒತ್ತಿ ಬಿಡುವುದು, ಆಮೇಲೆ ಸ್ಟಾರ್ಟ್, ಹೀಗೆ ಮೂರು ಬೇರೆ ಬೇರೆ ಕ್ರಿಯೆಗಳು. ರಿಸೆಟ್ ಗುಂಡಿ ಒತ್ತಿದಾಗ ಅಲ್ಲ, ಬಿಟ್ಟಾಗ ಲೆಕ್ಕಕ್ಕೆ ಬರಲಿ. ಆಗ ಅಂಟಿಕೊಂಡ ಗುಂಡಿ ರಿಸೆಟ್ ಆಗಲಾರದು.

ಯಂತ್ರ ಒಪ್ಪಿಕೊಳ್ಳುವ ಮೊದಲು, ಒಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಇಷ್ಟನ್ನು ನಿಮ್ಮ ಕೈಯಾರೆ ಮಾಡಿ ನೋಡಿ. ಪ್ರತಿ ಅಕ್ಷವನ್ನೂ ನಡುದಾರಿಯಲ್ಲಿ ಗುಂಡಿ ಬಿಟ್ಟು ನೋಡಿ, ನಿಂತಿತೋ, ಮುಂದೆ ಹೋಯಿತೋ, ಹಿಂದೆ ಬಂತೋ ಬರೆದಿಡಿ. ಜಾಗ್ ಗುಂಡಿ ಒತ್ತಿ ಹಿಡಿದೇ ಮೋಡ್ ಕೀ ತಿರುಗಿಸಿ. ಏನೂ ಅಲುಗಬಾರದು, ಗುಂಡಿ ಒಮ್ಮೆ ಬಿಟ್ಟು ಮತ್ತೆ ಒತ್ತುವವರೆಗೆ. ಮ್ಯಾನುಯಲ್‌ನಲ್ಲಿ ಪ್ರತಿ ಸೆನ್ಸರ್ ಎದುರೂ ಉದ್ದದ ಕೋಲು ಆಡಿಸಿ. ಚಲನೆಯ ನಡುವೆ ಪೆಂಡೆಂಟ್‌ನ ಕೇಬಲ್ ಕಿತ್ತು ನೋಡಿ. ಕೊನೆಗೆ ಗಾಳಿ ಆಫ್ ಮಾಡಿ, ಸಿಲಿಂಡರನ್ನು ಕೋಲಿನಿಂದ ತಳ್ಳಿ, ಗಾಳಿ ಮತ್ತೆ ಬಿಡಿ, ಅದು ಎಷ್ಟು ಜೋರಾಗಿ ಎತ್ತ ಹೋಗುತ್ತದೆ ಎಂದು ದೂರದಿಂದ ನೋಡಿ.